ಹಳೇ ಕ್ವೇಕ್ 3 ಅರೀನಾನ ಇವತ್ತಿನ ಲಿನಕ್ಸ್‌ನಲ್ಲಿ ಓಡಿಸೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಒಂದು ಮಾತು. ಕಮಾಂಡು, ಸೆಟ್ಟಿಂಗ್, ಎರರ್ ಎಲ್ಲಾ ಇಲ್ಲಿ ಕನ್ನಡ ಅಕ್ಷರದಲ್ಲೇ ಇದೆ, ಟರ್ಮಿನಲ್‌ನಲ್ಲಿ ಮಾತ್ರ ನೀವು ಇಂಗ್ಲಿಷಲ್ಲೇ ಹೊಡೀಬೇಕು, ಅಂಡರ್‌ಸ್ಕೋರ್ ಎಲ್ಲಿ ಬೇಕೋ ಅಲ್ಲಿ ಹಾಕಿದೀನಿ. ಕಾಪಿ ಪೇಸ್ಟ್ ಮಾಡಕ್ಕಾಗಲ್ಲ ಅಂತ ಬೈಬೇಡಿ, ಕೈಯಲ್ಲಿ ಟೈಪ್ ಮಾಡಿದ್ರೆ ಏನು ಮಾಡ್ತಿದೀರ ಅಂತ ಗೊತ್ತಾದ್ರೂ ಆಗುತ್ತೆ.

ಯಾವ ಗೇಮು, ಯಾವ ವರ್ಷನ್ ಬಗ್ಗೆ ಇದು?

ಇಡ್ ಸಾಫ್ಟ್‌ವೇರ್‌ನವರ ಗುಂಡು ಹಾರಿಸೋ ಗೇಮ್ ಕ್ವೇಕ್ 3 ಅರೀನಾ, 1999ರ ಡಿಸೆಂಬರ್‌ದು. ಆಗಲೇ ಲಿನಕ್ಸ್‌ಗೂ ಬಂದಿತ್ತು ಇದು, ಲೋಕಿ ಸಾಫ್ಟ್‌ವೇರ್ ಅನ್ನೋ ಕಂಪನಿ ತಗಡಿನ ಡಬ್ಬಿಯಲ್ಲಿ ಹಾಕಿ ಮಾರ್ತಿತ್ತು. ಲೋಕಿ 2002ರ ಶುರುವಲ್ಲೇ ಮುಚ್ಚಿಹೋಯ್ತು, ಆದ್ರೆ ಗೇಮ್‌ಗೆ ಅಪ್‌ಡೇಟ್ ಇಡ್‌ನವರೇ ಕೊಡ್ತಿದ್ರಿಂದ ಅದೇ ವರ್ಷ 1.32 ಕೂಡ ಬಂತು. ಇಲ್ಲಿ ಹೇಳ್ತಿರೋದು ಆ ಒರಿಜಿನಲ್ ಲಿನಕ್ಸ್ ಬೈನರಿ (ನೇರ ಓಡಿಸೋ ಪ್ರೋಗ್ರಾಮ್ ಫೈಲ್) ಬಗ್ಗೆ, ಅಂದ್ರೆ 'ಕ್ವೇಕ್3.ಎಕ್ಸ್86' ಅನ್ನೋ ಫೈಲು. ವೈನ್ ಹಾಕ್ಕೊಂಡು ವಿಂಡೋಸ್ ವರ್ಷನ್ ಓಡಿಸೋದು ಬೇರೇನೇ ಕಥೆ, ಅದನ್ನ ಇಲ್ಲಿ ಎತ್ತಲ್ಲ. ಆದ್ರೆ ಇಲ್ಲಿರೋ ತೊಂದರೆಗಳಲ್ಲಿ ಅರ್ಧಕ್ಕರ್ಧ ಆ ಕಾಲದ ಬೇರೆ ಲಿನಕ್ಸ್ ಗೇಮ್‌ಗಳಿಗೂ ಹಾಗೇ ಅನ್ವಯಿಸುತ್ತೆ.

ಐಓಕ್ವೇಕ್3 ಇದೆಯಲ್ಲ, ಸುಮ್ನೆ ಅದನ್ನ ಹಾಕ್ಕೊಳೋದು ಬಿಟ್ಟು ಯಾಕೆ ಈ ಒದ್ದಾಟ?

ನಿಜ ಹೇಳ್ಬೇಕಂದ್ರೆ ಈ ಪ್ರಶ್ನೆ ಕೇಳೋರಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಐಓಕ್ವೇಕ್3 ಸಾಕು. 2005ರ ಆಗಸ್ಟ್‌ನಲ್ಲಿ ಎಂಜಿನ್ ಸೋರ್ಸ್ ಕೋಡ್ ಜಿಪಿಎಲ್ (ಯಾರು ಬೇಕಾದ್ರೂ ತಿದ್ದಿ ಹಂಚಬಹುದಾದ ಲೈಸೆನ್ಸ್) ಕೆಳಗೆ ಹೊರಗೆ ಬಂತು, ಅದನ್ನ ಹಿಡ್ಕೊಂಡು ಜನ ಕ್ಲೀನ್ ಮಾಡಿ 64 ಬಿಟ್ ಮಾಡಿ ಸೌಂಡ್, ಮೌಸ್, ಸ್ಕ್ರೀನ್ ಎಲ್ಲಾ ಎಸ್‌ಡಿಎಲ್ ಅನ್ನೋ ಲೈಬ್ರರಿ ಮೇಲೆ ಕೂರಿಸಿದಾರೆ, ಅದೇ ಐಓಕ್ವೇಕ್3, ಕೆಳಗಿರೋ ತಲೆನೋವಲ್ಲಿ ಮುಕ್ಕಾಲು ಪಾಲು ಅಲ್ಲಿ ಇಲ್ವೇ ಇಲ್ಲ. ಸುಮ್ನೆ ಆಡ್ಬೇಕು ಅಂತಿದ್ರೆ ಇಲ್ಲಿಗೇ ಓದೋದು ನಿಲ್ಲಿಸಿ, ಅದನ್ನ ಹಾಕ್ಕೊಳಿ.

ಒರಿಜಿನಲ್ಲೇ ಬೇಕು ಅನ್ನೋರಿಗೆ ಕಾರಣ ಸಾಮಾನ್ಯವಾಗಿ ಮೂರು. ಹಳೇ ಡೆಮೋ ರೆಕಾರ್ಡಿಂಗ್ (ಆಡಿದ ಆಟದ ದಾಖಲೆ) ಇರ್ತವೆ, 1.32ರದ್ದು ಡಿಎಮ್_68 ಅಂತ ಕೊನೆ ಆಗುತ್ತೆ, ಹಿಂದಿನ ಡಿಎಮ್_66, ಡಿಎಮ್_67ನೂ 1.32 ಓದುತ್ತೆ, ಅದಕ್ಕಿಂತ ಹಳೇದು ನೋಡ್ಬೇಕಂದ್ರೆ ಆಯಾ ಕಾಲದ ಎಂಜಿನ್ನೇ ಬೇಕಾಗುತ್ತೆ. ಇಲ್ಲಾ ಯಾವುದೋ ಮಾಡ್ (ಗೇಮ್‌ನ ಬದಲಾಯಿಸಕ್ಕೆ ಬೇರೆಯವರು ಬರೆದಿದ್ದು), ಅದ್ರ ಕೋಡು ಕ್ಯೂವಿಎಮ್ (ಎಲ್ಲಾ ಕಂಪ್ಯೂಟರ್‌ಗೂ ಒಂದೇ ಆದ ಬೈಟ್‌ಕೋಡ್) ಬದಲು 32 ಬಿಟ್ ಡಾಟ್ ಎಸ್‌ಒ ಲೈಬ್ರರಿ ಫೈಲ್ ಆಗಿ ಬಂದಿರುತ್ತೆ, 64 ಬಿಟ್ ಎಂಜಿನ್ ಅದನ್ನ ಮುಟ್ಟಲ್ಲ. ಮೂರನೇದು ಸುಮ್ನೆ ಹಠ. ನಂದು ಮೂರನೇದು.

ಏನೇನು ಫೈಲ್ ಇರ್ಬೇಕು?

ಒಂದು, ನೀವು ದುಡ್ಡು ಕೊಟ್ಟು ತಗೊಂಡಿರೋ ಗೇಮ್‌ನ ಡೇಟಾ ಫೈಲು, ಪ್ಯಾಕ್0.ಪಿಕೆ3. ಅದು ಸುಮಾರು 457 ಎಂಬಿ ಇರುತ್ತೆ, ಸಿಡಿಯಲ್ಲಿ ಬೇಸ್‌ಕ್ಯೂ3 ಫೋಲ್ಡರ್ ಒಳಗೆ ಸಿಗುತ್ತೆ, ಆನ್‌ಲೈನ್ ಅಂಗಡಿಯಿಂದ ತಗೊಂಡ ವಿಂಡೋಸ್ ವರ್ಷನ್‌ನಲ್ಲೂ ಅದೇ ಫೈಲ್ ಇರುತ್ತೆ, ಎತ್ತಿ ತಂದ್ರೆ ನಡೆಯುತ್ತೆ. 46 ಎಂಬಿ ಇರೋ ಪ್ಯಾಕ್0 ಸಿಕ್ಕಿದ್ರೆ ಅದು ಫ್ರೀ ಡೆಮೋದ್ದು (ಆಡಿ ನೋಡಕ್ಕೆ ಕೊಡೋ ಸ್ಯಾಂಪಲ್), ಬೇಡ. ಎರಡು, ಪಾಯಿಂಟ್ ರಿಲೀಸ್, ಅಂದ್ರೆ ಅಪ್‌ಡೇಟು. ಅದ್ರಲ್ಲಿ ಬೈನರಿ ಜೊತೆಗೆ ಪ್ಯಾಕ್1ರಿಂದ ಪ್ಯಾಕ್8ರ ತನಕ ಬರುತ್ತೆ. ಮೂರು, ಸಿಡಿ ಕೀ.

ಹೆಸರಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ನೋಡ್ಕೊಳಿ. ವಿಂಡೋಸ್ ಕಡೆಯಿಂದ ಕಾಪಿ ಮಾಡಿದಾಗ ಒಂದೊಂದು ಸಲ ಫೈಲ್ ಹೆಸರು ಪೂರ್ತಿ ಕ್ಯಾಪಿಟಲ್‌ನಲ್ಲಿ ಬಂದಿರುತ್ತೆ, ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್‌ಗೆ ಎರಡೂ ಬೇರೆ ಫೈಲು. ಎಲ್ಲಾ ಸ್ಮಾಲ್ ಲೆಟರ್‌ನಲ್ಲಿರಲಿ.

ಡಾಟ್ ರನ್ ಇನ್‌ಸ್ಟಾಲರ್ ಓಡಿಸಿದ್ರೆ ಟೇಲ್ ಬಗ್ಗೆ ಏನೋ ಎರರ್ ಬಂದು ನಿಲ್ಲುತ್ತೆ. ಫೈಲ್ ಕರಪ್ಟ್ ಆಗಿದೆಯಾ?

ಇಲ್ಲ, ಫೈಲ್ ಚೆನ್ನಾಗೇ ಇದೆ. ಈ ಡಾಟ್ ರನ್ ಅನ್ನೋದು ಮೇಕ್‌ಸೆಲ್ಫ್‌ನಲ್ಲಿ ಮಾಡಿರೋ ಫೈಲು, ಮೇಲೆ ಒಂದಿಷ್ಟು ಸಾಲು ಶೆಲ್ ಸ್ಕ್ರಿಪ್ಟ್, ಅದ್ರ ಬಾಲಕ್ಕೆ ಜಿಪ್ ಮಾಡಿದ ಆರ್ಕೈವ್ ಅಂಟಿಸಿರ್ತಾರೆ. ಸ್ಕ್ರಿಪ್ಟು "ಇಷ್ಟನೇ ಸಾಲಿನಿಂದ ಕೆಳಗಿರೋದನ್ನೆಲ್ಲ ಕತ್ತರಿಸಿ ಕೊಡು" ಅಂತ ಟೇಲ್ ಕಮಾಂಡ್‌ಗೆ ಹೇಳುತ್ತೆ, ಆದ್ರೆ ಹೇಳೋದು ಹಳೇ ಶೈಲಿಯಲ್ಲಿ, ಬರೀ ಪ್ಲಸ್ ಹಾಕಿ ನಂಬರ್. ಈಗಿನ ಟೇಲ್ ಆ ಪ್ಲಸ್ ನಂಬರ್‌ನ ಫೈಲ್ ಹೆಸರು ಅಂದ್ಕೊಂಡು ಹುಡುಕಕ್ಕೆ ಹೋಗಿ ಸಿಗಲಿಲ್ಲ ಅಂತ ವಾಪಸ್ ಬರುತ್ತೆ.

ಔಷಧಿ ಒಂದೇ ಸಾಲು: ಇನ್‌ಸ್ಟಾಲರ್ ಕಮಾಂಡ್ ಮುಂದೆ _ಪೋಸಿಕ್ಸ್2_ವರ್ಷನ್=199209 ಅಂತ ಹಾಕಿ (ಎಲ್ಲಾ ಕ್ಯಾಪಿಟಲ್, ಶುರುವಲ್ಲೂ ಒಂದು ಅಂಡರ್‌ಸ್ಕೋರ್). ಟೇಲ್‌ಗೆ "ನೀನು 1992ರಲ್ಲಿದೀಯ ಅಂದ್ಕೋ" ಅಂದ ಹಾಗೆ, ಅದು ಹಳೇ ಮಾತನ್ನೂ ಕೇಳುತ್ತೆ. ಬಿಚ್ಚಿಕೊಂಡ ಮೇಲೆ ಒಳಗಿನ ಇನ್‌ಸ್ಟಾಲ್ ವಿಂಡೋ ಬರದೇ ಹೋದ್ರೂ ಪರವಾಗಿಲ್ಲ, ಕೀಪ್ ಆಪ್ಷನ್ ಕೊಟ್ಟು ಬಿಚ್ಚಿದ ಫೋಲ್ಡರ್‌ನ ಉಳಿಸ್ಕೊಂಡು ಬೈನರಿ, ಪ್ಯಾಕ್ ಫೈಲ್‌ಗಳನ್ನ ಕೈಯಾರೆ ಎತ್ತಿಟ್ಕೊಳಿ. ರೂಟ್ ಆಗಿ ಓಡಿಸೋ ಅಗತ್ಯ ಇಲ್ಲ, ಹೋಮ್ ಒಳಗೆ ಒಂದು ಫೋಲ್ಡರ್ ಸಾಕು.

ಫೈಲ್ ಕಣ್ಣೆದುರೇ ಇದೆ, ಆದ್ರೂ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಅನ್ನುತ್ತೆ. ಹುಚ್ಚು ಹಿಡಿಯೋದೊಂದು ಬಾಕಿ.

ಅತೀ ಹೆಚ್ಚು ಬರೋ ಪ್ರಶ್ನೆ ಇದೇ, ಅತೀ ಹೆಚ್ಚು ದಾರಿ ತಪ್ಪಿಸೋ ಎರರೂ ಇದೇ. ಎಲ್‌ಎಸ್ ಹೊಡೆದ್ರೆ ಕ್ವೇಕ್3.ಎಕ್ಸ್86 ಅಂತ ಹಸಿರು ಬಣ್ಣದಲ್ಲಿ ಕಾಣುತ್ತೆ, ಪರ್ಮಿಷನ್ ಸರಿ ಇದೆ, ಆದ್ರೆ ಓಡಿಸಿದ ತಕ್ಷಣ ಅಂಥ ಫೈಲೇ ಇಲ್ಲ ಅನ್ನುತ್ತೆ.

ಇಲ್ಲ ಅಂತಿರೋದು ಆ ಫೈಲ್ ಅಲ್ಲ, ಆ ಫೈಲ್ ಕೇಳ್ತಿರೋ ಇನ್ನೊಂದು ಫೈಲು. ಡೈನಾಮಿಕ್ ಲಿಂಕ್ ಆಗಿರೋ ಪ್ರತಿ ಬೈನರಿ ಒಳಗೂ "ನನ್ನನ್ನ ಎಬ್ಬಿಸಕ್ಕೆ ಇಂಥ ಲೋಡರ್ ಬೇಕು" ಅಂತ ಒಂದು ಪಾತ್ ಬರೆದಿರುತ್ತೆ. ಇದ್ರಲ್ಲಿರೋದು ಲಿಬ್ ಫೋಲ್ಡರ್‌ನ 'ಎಲ್‌ಡಿ-ಲಿನಕ್ಸ್.ಎಸ್‌ಒ.2', ಅದು 32 ಬಿಟ್ ಲೋಡರು. ಬರೀ 64 ಬಿಟ್ ಲಿನಕ್ಸ್ ಹಾಕಿರೋ ಕಂಪ್ಯೂಟರ್‌ನಲ್ಲಿ ಅದು ಇರಲ್ಲ, ಕರ್ನಲ್ ಹೋಗಿ ಹುಡುಕಿ ಸಿಗದೆ ವಾಪಸ್ ಬಂದು ಫೈಲ್ ಇಲ್ಲ ಅನ್ನುತ್ತೆ, ಯಾವ ಫೈಲು ಅಂತ ಮಾತ್ರ ಹೇಳಲ್ಲ. ಶೆಲ್ ಪಾಪ ತನಗೆ ಗೊತ್ತಿರೋ ಒಂದೇ ಹೆಸರನ್ನ ಅದ್ರ ಪಕ್ಕ ಅಂಟಿಸಿ ತೋರಿಸುತ್ತೆ. ನೋಡ್ಬೇಕಂದ್ರೆ 'ಫೈಲ್' ಅನ್ನೋ ಕಮಾಂಡ್‌ನ ಬೈನರಿ ಮೇಲೆ ಓಡಿಸಿ, 32 ಬಿಟ್, ಇಂಟೆಲ್ 80386, ಇಂಟರ್‌ಪ್ರಿಟರ್ ಇಂಥದ್ದು ಅಂತ ಎಲ್ಲಾ ಒಂದೇ ಸಾಲಲ್ಲಿ ಬರುತ್ತೆ. ಎಲ್‌ಡಿಡಿ ಓಡಿಸಕ್ಕೆ ಹೋದ್ರೆ ಇನ್ನೊಂದು ಸುಳ್ಳು ಹೇಳುತ್ತೆ, 'ನಾಟ್ ಎ ಡೈನಾಮಿಕ್ ಎಕ್ಸಿಕ್ಯೂಟಬಲ್' ಅಂತ. ಅದನ್ನ ನಂಬಬೇಡಿ, ಅದಕ್ಕೂ ಅದೇ ಲೋಡರ್ ಇಲ್ದೇ ಕೈ ಕಟ್ಟಿಹೋಗಿದೆ ಅಷ್ಟೇ.

ಸರಿ, 32 ಬಿಟ್ ಲೈಬ್ರರಿ ಹಾಕೋದು ಹೇಗೆ?

ಡೆಬಿಯನ್, ಉಬುಂಟು ಕಡೆ ಮೊದಲು ಡಿಪಿಕೆಜಿಗೆ ಐ386 ಆರ್ಕಿಟೆಕ್ಚರ್ ಸೇರಿಸಿ, ಆಪ್ಟ್ ಅಪ್‌ಡೇಟ್ ಮಾಡಿ, ಆಮೇಲೆ ಸಿ ಲೈಬ್ರರಿ, ಎಕ್ಸ್11, ಎಕ್ಸ್‌ಎಕ್ಸ್‌ಟ್, ಜಿಎಲ್, ಮೆಸಾ ಡ್ರೈವರ್ ಇವುಗಳ ಹೆಸರಿನ ಕೊನೆಗೆ ಕೋಲನ್ ಐ386 ಅಂತ ಹಾಕಿ ಇನ್‌ಸ್ಟಾಲ್ ಮಾಡಿ. ಫೆಡೋರಾದಲ್ಲಿ ಅದೇ ಪ್ಯಾಕೇಜ್‌ಗಳ ಕೊನೆಗೆ ಡಾಟ್ ಐ686. ಆರ್ಚ್‌ನಲ್ಲಿ ಪ್ಯಾಕ್‌ಮ್ಯಾನ್ ಕಾನ್ಫಿಗ್ ಫೈಲ್‌ನಲ್ಲಿ ಮಲ್ಟಿಲಿಬ್ ಅನ್ನೋ ಎರಡು ಸಾಲಿನ ಮುಂದಿರೋ ಹ್ಯಾಶ್ ತೆಗೆದು 'ಲಿಬ್32' ಅಂತ ಶುರುವಾಗೋ ಪ್ಯಾಕೇಜ್‌ಗಳು. ಸ್ಟೀಮ್ ಹಾಕ್ಕೊಂಡಿರೋರಿಗೆ ಇದ್ರಲ್ಲಿ ಬಹಳಷ್ಟು ಆಗಲೇ ಬಂದಿರುತ್ತೆ.

2019ರಲ್ಲಿ ಉಬುಂಟು ಐ386 ಪ್ಯಾಕೇಜ್‌ಗಳನ್ನ ಪೂರ್ತಿ ಕೈಬಿಡ್ತೀವಿ ಅಂತ ಹೇಳಿ, ಗೇಮ್ ಆಡೋರೆಲ್ಲ ಗಲಾಟೆ ಎಬ್ಬಿಸಿದ ಮೇಲೆ ಒಂದಿಷ್ಟನ್ನ ಉಳಿಸ್ಕೊಂಡ್ರು. ಈ 32 ಬಿಟ್ ಸಾಮಾನು ಯಾವತ್ತೂ ಇದ್ದೇ ಇರುತ್ತೆ ಅಂತ ನೆಚ್ಚಿಕೊಂಡು ಕೂರೋ ಹಾಗಿಲ್ಲ, ಅದಕ್ಕೇ ನಾನು ಒಂದು ಹಳೇ 32 ಬಿಟ್ ಡೆಬಿಯನ್‌ನ ಕ್ರೂಟ್ ಫೋಲ್ಡರ್ ಆಗಿ (ಅಂದ್ರೆ ಇರೋ ಲಿನಕ್ಸ್ ಒಳಗೇ ಇನ್ನೊಂದು ಲಿನಕ್ಸ್‌ನ ಫೈಲ್‌ಗಳು) ಪಕ್ಕದಲ್ಲಿ ಇಟ್ಟಿದೀನಿ.

ಎಲ್‌ಡಿಡಿಯಲ್ಲಿ ಎಲ್ಲಾ ಸರಿ ಇದೆ, ಆದ್ರೂ 'ಕುಡ್ ನಾಟ್ ಲೋಡ್ ಓಪನ್‌ಜಿಎಲ್ ಸಬ್‌ಸಿಸ್ಟಮ್' ಅನ್ನುತ್ತೆ?

ಎಲ್‌ಡಿಡಿ ತೋರಿಸೋದು ಬೈನರಿ ಹುಟ್ಟುವಾಗಲೇ ಕೇಳೋ ಲೈಬ್ರರಿಗಳನ್ನ ಮಾತ್ರ. ಕ್ವೇಕ್ 3 ಓಪನ್‌ಜಿಎಲ್‌ನ (3ಡಿ ಚಿತ್ರ ಬಿಡಿಸೋ ಲೈಬ್ರರಿ) ಹಾಗೆ ಕೇಳಲ್ಲ, ಎದ್ದು ಓಡಾಡೋಕೆ ಶುರು ಮಾಡಿದ ಮೇಲೆ ತಾನೇ ಹೋಗಿ ಲಿಬ್‌ಜಿಎಲ್‌ನ ತೆಗೆಯುತ್ತೆ, ಹಾಗಾಗಿ ಪಟ್ಟಿಯಲ್ಲಿ ಅದು ಕಾಣೋದೇ ಇಲ್ಲ. 32 ಬಿಟ್ ಲಿಬ್‌ಜಿಎಲ್ ಹಾಕಿದೀರಾ ನೋಡಿ, ಹಾಕಿದ್ರೆ ನಿಮ್ಮ ಕಾರ್ಡಿನ 32 ಬಿಟ್ ಡ್ರೈವರ್ ಕೂಡ ಇದೆಯಾ ನೋಡಿ. ಎನ್‌ವಿಡಿಯಾ ಆದ್ರೆ 32 ಬಿಟ್ ಭಾಗ ಬೇರೆ ಪ್ಯಾಕೇಜು, ಅದ್ರ ವರ್ಷನ್ ನಂಬರ್ 64 ಬಿಟ್ ಡ್ರೈವರ್‌ನ ನಂಬರ್ ಜೊತೆ ಕರಾರುವಾಕ್ಕಾಗಿ ಹೊಂದಬೇಕು.

'ಕುಡಂಟ್ ಲೋಡ್ ಡೀಫಾಲ್ಟ್.ಸಿಎಫ್‌ಜಿ' ಅಂತ ಬರ್ತಿದೆ. ಪ್ಯಾಕ್0 ಇದೆ, ಹೆಸರೂ ಸರಿ ಇದೆ.

ಮೊದಲು ಗೇಮ್ ಫೋಲ್ಡರ್ ಒಳಗೆ ನಿಂತೇ ಓಡಿಸ್ತಿದೀರಾ ನೋಡಿ, ಇಲ್ಲಾಂದ್ರೆ ಕಮಾಂಡ್ ಕೊನೆಗೆ ಪ್ಲಸ್ ಸೆಟ್ ಹಾಕಿ ಎಫ್‌ಎಸ್_ಬೇಸ್‌ಪಾತ್‌ಗೆ ಗೇಮ್ ಫೋಲ್ಡರ್‌ನ ಪಾತ್ ಕೊಡಿ, ಕೆಳಗೆ ಬರೋ ಗೇಮ್ ಸೆಟ್ಟಿಂಗ್‌ಗಳನ್ನೂ ಹೀಗೇ ಕೊಡ್ಬೋದು. ಬಹಳ ಜನದ್ದು ಅಲ್ಲಿಗೆ ಮುಗಿಯುತ್ತೆ.

ಮುಗೀಲಿಲ್ಲ ಅಂದ್ರೆ ನಿಮ್ಮ ಡಿಸ್ಕಿನ ಫೈಲ್‌ಸಿಸ್ಟಮ್ (ಫೈಲ್ ಜೋಡಿಸಿಡೋ ಪದ್ಧತಿ) ಎಕ್ಸ್‌ಎಫ್‌ಎಸ್ ಇರ್ಬೋದು. ಇದು ಅಪರೂಪ, ಆದ್ರೆ ಬಂತಂದ್ರೆ ಯಾರಿಗೂ ತಲೆಬುಡ ಅರ್ಥ ಆಗಲ್ಲ. ದೊಡ್ಡ ಡಿಸ್ಕ್ ಮೇಲೆ ಎಕ್ಸ್‌ಎಫ್‌ಎಸ್ ಫೈಲ್‌ಗಳಿಗೆ ಕೊಡೋ ಐನೋಡ್ ನಂಬರ್ 32 ಬಿಟ್‌ನಲ್ಲಿ ಹಿಡಿಸದಷ್ಟು ದೊಡ್ಡದಾಗ್ಬೋದು. ಹಳೇ 32 ಬಿಟ್ ಪ್ರೋಗ್ರಾಮ್ "ಈ ಫೋಲ್ಡರ್‌ನಲ್ಲಿ ಏನೇನಿದೆ" ಅಂತ ಕೇಳಿದಾಗ ಸಿಸ್ಟಮ್‌ಗೆ ಆ ನಂಬರ್‌ನ ಅದ್ರ ಪುಟ್ಟ ಡಬ್ಬಿಯಲ್ಲಿ ತುರುಕಕ್ಕಾಗದೆ ಎರರ್ ವಾಪಸ್ ಕೊಡುತ್ತೆ, ಗೇಮ್ ಅದನ್ನ ಫೋಲ್ಡರ್ ಖಾಲಿ ಅಂದ್ಕೊಳುತ್ತೆ. ಪ್ಯಾಕ್ ಫೈಲ್ ಅಲ್ಲೇ ಇದ್ರೂ ಗೇಮ್ ಕಣ್ಣಿಗೆ ಇಲ್ಲ. ಎಕ್ಸ್‌ಟಿ4 ಇರೋ ಬೇರೆ ಪಾರ್ಟಿಷನ್‌ಗೆ ಹಾಕಿ, ಅಂಥದ್ದು ಇಲ್ಲಾಂದ್ರೆ 2 ಜಿಬಿ ಖಾಲಿ ಫೈಲ್ ಒಂದು ಮಾಡಿ ಅದನ್ನ ಎಕ್ಸ್‌ಟಿ4 ಆಗಿ ಫಾರ್ಮ್ಯಾಟ್ ಮಾಡಿ ಲೂಪ್ ಮೌಂಟ್ ಮಾಡ್ಕೊಂಡು ಗೇಮ್‌ನ ಅದ್ರೊಳಗಿಡಿ.

ಒಂದು ಕ್ಷಣ ಕಪ್ಪು ಸ್ಕ್ರೀನ್ ಬರುತ್ತೆ, ಆಮೇಲೆ ಸೆಗ್‌ಫಾಲ್ಟ್ (ಮೆಮೊರಿ ಎರರ್) ಅಂತ ಗೇಮ್ ಸಾಯುತ್ತೆ. ಗ್ರಾಫಿಕ್ಸ್ ಡ್ರೈವರ್ ಹಾಳಾಗಿದೆಯಾ?

ನಾನೂ ಹಾಗೇ ಅಂದ್ಕೊಂಡಿದ್ದೆ. ಒಂದಿಡೀ ರಾತ್ರಿ ಡ್ರೈವರ್ ತೆಗೆಯೋದು ಹಾಕೋದು, ಕರ್ನಲ್ ಬದಲಾಯಿಸೋದು, ಕೊನೆಗೆ ರ್‍ಯಾಮ್ ಟೆಸ್ಟ್ ಕೂಡ ಮಾಡ್ಬಿಟ್ಟೆ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಬೆಳಗಿನ ಜಾವ ಟರ್ಮಿನಲ್‌ನ ಮೇಲಕ್ಕೆ ಸ್ಕ್ರಾಲ್ ಮಾಡಿ ಓದಿದಾಗ ಕಂಡಿದ್ದು, ಪ್ರತಿ ಸಲವೂ ಕೊನೇ ಸಾಲು ಒಂದೇ ಕಡೆ ನಿಂತಿದೆ: 'ಜಿಎಲ್_ಎಕ್ಸ್‌ಟೆನ್ಶನ್ಸ್', ಒಂದು ಕೋಲನ್, ಆಮೇಲೆ ಏನಿಲ್ಲ.

ಆಗೋದು ಇಷ್ಟು. ಗೇಮ್ ಸ್ಟಾರ್ಟ್ ಆಗುವಾಗ ಡ್ರೈವರ್‌ನ "ನಿಂಗೆ ಏನೇನು ಬರುತ್ತೆ" ಅಂತ ಕೇಳುತ್ತೆ, ಡ್ರೈವರ್ ತನಗೆ ಬರೋ ಎಕ್ಸ್‌ಟೆನ್ಶನ್ ಹೆಸರುಗಳನ್ನೆಲ್ಲ ಸ್ಪೇಸ್ ಹಾಕಿ ಒಂದೇ ಉದ್ದ ಸಾಲಾಗಿ ಕೊಡುತ್ತೆ. 1999ರಲ್ಲಿ ಆ ಸಾಲು ಚಿಕ್ಕದಿತ್ತು. ಗೇಮ್ ಅದನ್ನ ಸ್ಕ್ರೀನ್ ಮೇಲೆ ಪ್ರಿಂಟ್ ಮಾಡಕ್ಕೆ 4096 ಅಕ್ಷರದ ಜಾಗ ಇಟ್ಕೊಂಡಿದೆ, ಉದ್ದ ಎಷ್ಟು ಅಂತ ನೋಡದೆ ಸುರಿಯುತ್ತೆ. ಇಷ್ಟು ವರ್ಷದಲ್ಲಿ ಎಕ್ಸ್‌ಟೆನ್ಶನ್ ಸೇರ್ತಾ ಸೇರ್ತಾ ಸಾಲು ಆ ಜಾಗ ಮೀರಿ ಬೆಳೆದಿದೆ, ಹೆಚ್ಚಾದದ್ದು ಪಕ್ಕದ ಮೆಮೊರಿ ಮೇಲೆ ಚೆಲ್ಲಿ ಗೇಮ್ ಸಾಯುತ್ತೆ. ಡ್ರೈವರ್ ಹಾಳಾಗಿದ್ದಲ್ಲ, ಜಾಸ್ತಿ ಕಲಿತಿದ್ದೇ ತಪ್ಪಾಯ್ತು.

ಡ್ರೈವರ್ ಬರೆಯೋರಿಗೆ ಇದು ಗೊತ್ತು, ಅದಕ್ಕೆ ಅವರೇ ಬಾಗಿಲು ಇಟ್ಟಿದಾರೆ. ಎಎಮ್‌ಡಿ, ಇಂಟೆಲ್ ಕಾರ್ಡ್ ಅಂದ್ರೆ ಮೆಸಾ, ಅಲ್ಲಿ ಕಮಾಂಡ್ ಮುಂದೆ ಮೆಸಾ_ಎಕ್ಸ್‌ಟೆನ್ಶನ್_ಮ್ಯಾಕ್ಸ್_ಇಯರ್=2003 ಅಂತ ಹಾಕಿ, ಎಲ್ಲಾ ಕ್ಯಾಪಿಟಲ್. 2003ರ ಈಚೆ ಬಂದ ಎಕ್ಸ್‌ಟೆನ್ಶನ್‌ಗಳ ಬಗ್ಗೆ ಮೆಸಾ ಬಾಯೇ ಬಿಡಲ್ಲ. ಎನ್‌ವಿಡಿಯಾದವರ ಡ್ರೈವರ್ ಆದ್ರೆ __ಜಿಎಲ್_ಎಕ್ಸ್‌ಟೆನ್ಶನ್‌ಸ್ಟ್ರಿಂಗ್‌ವರ್ಷನ್=17700, ಇದ್ರಲ್ಲಿ ಮುಂದೆ ಎರಡು ಅಂಡರ್‌ಸ್ಕೋರ್, ಜಿಎಲ್ ಮಾತ್ರ ಕ್ಯಾಪಿಟಲ್, ಆಮೇಲೆ ಎಕ್ಸ್‌ಟೆನ್ಶನ್, ಸ್ಟ್ರಿಂಗ್, ವರ್ಷನ್ ಮೂರೂ ಪದದ ಮೊದಲಕ್ಷರ ಕ್ಯಾಪಿಟಲ್, ಮಧ್ಯೆ ಜಾಗ ಇಲ್ಲ. ಇದನ್ನ ಇಡೀ ಸಿಸ್ಟಮ್‌ಗೆ ಹಾಕ್ಬೇಡಿ ಮತ್ತೆ, ಡೆಸ್ಕ್‌ಟಾಪ್‌ನ ಬಾಕಿ ಪ್ರೋಗ್ರಾಮ್‌ಗಳಿಗೂ ಹಳೇ ಪಟ್ಟಿನೇ ಹೋಗುತ್ತೆ. ಗೇಮ್ ಸ್ಟಾರ್ಟ್ ಮಾಡೋ ಸ್ಕ್ರಿಪ್ಟ್‌ನಲ್ಲಿ ಮಾತ್ರ ಇರಲಿ.

ಇದಾದ ಮೇಲೂ, ಅಂದ್ರೆ ಮೆನು ಬಂದು ಮ್ಯಾಪ್ ಲೋಡ್ ಆಗುವಾಗ ಬಿದ್ರೆ, ವಿಎಮ್_ಗೇಮ್, ವಿಎಮ್_ಸಿಗೇಮ್, ವಿಎಮ್_ಯುಐ ಮೂರನ್ನೂ 1 ಮಾಡಿ ನೋಡಿ, ನಿಧಾನ ಆಗುತ್ತೆ ಆದ್ರೆ ಈಗಿನ ಪ್ರೊಸೆಸರ್‌ಗೆ ಅದೇನು ಲೆಕ್ಕ ಇಲ್ಲ. ಕಾಮ್_ಹಂಕ್‌ಮೆಗ್ಸ್ 128 ಮಾಡಿ. ಆರ್_ಎಸ್‌ಎಮ್‌ಪಿ ಮಾತ್ರ ಮುಟ್ಬೇಡಿ, 0 ಇರಲಿ.

ಗೇಮ್ ಬಂತು, ಆದ್ರೆ ಮೂಕಿ ಸಿನಿಮಾ ಥರ. ಸೌಂಡ್ ಎಲ್ಲಿ?

ಒರಿಜಿನಲ್ ಬೈನರಿಯಲ್ಲಿ ಎಲ್ಲಕ್ಕಿಂತ ಕಷ್ಟದ್ದು ಇದೇ, ಸೌಂಡ್ ಬೇಡ ಅಂದ್ರೆ ಎಸ್_ಇನಿಟ್‌ಸೌಂಡ್ 0 ಹಾಕಿ ಮುಂದೆ ಹೋಗಿ.

ಬೇಕು ಅನ್ನೋರು ಕೇಳಿ. ಆ ಕಾಲಕ್ಕೆ ಲಿನಕ್ಸ್‌ನಲ್ಲಿ ಸೌಂಡ್ ಅಂದ್ರೆ ಓಎಸ್‌ಎಸ್, ಡೆವ್ ಫೋಲ್ಡರ್‌ನಲ್ಲಿ ಡಿಎಸ್‌ಪಿ ಅನ್ನೋ ಫೈಲ್ ಇರ್ತಿತ್ತು, ಅದಕ್ಕೆ ಬರೆದಿದ್ದು ಸ್ಪೀಕರ್‌ನಲ್ಲಿ ಬರೋದು. ಈಗ ಆ ಫೈಲೇ ಇಲ್ಲ, ಅದಕ್ಕೆ 'ಕುಡ್ ನಾಟ್ ಓಪನ್ ಡೆವ್ ಡಿಎಸ್‌ಪಿ' ಅಂತ ಬರುತ್ತೆ. ಎಲ್ಲರೂ ಮೊದಲು ಹೇಳೋ ಔಷಧಿ ಪಿಎ-ಡಿಎಸ್‌ಪಿ, ಅಂದ್ರೆ 'ಪ್ಯಾಡ್‌ಎಸ್‌ಪಿ' ಅಂತ ಓದ್ತಾರಲ್ಲ ಅದು, ಗೇಮ್ ಡಿಎಸ್‌ಪಿ ತೆಗೆಯಕ್ಕೆ ಹೋದಾಗ ಮಧ್ಯದಲ್ಲಿ ಹಿಡ್ಕೊಂಡು ಪಲ್ಸ್‌ಆಡಿಯೋ ಅನ್ನೋ ಸೌಂಡ್ ಸರ್ವರ್ ಕಡೆ ತಿರುಗಿಸುತ್ತೆ. ಬೇರೆ ಎಷ್ಟೋ ಹಳೇ ಪ್ರೋಗ್ರಾಮ್‌ಗೆ ಇದು ಸಾಕು. ಕ್ವೇಕ್ 3ಗೆ ಸಾಲಲ್ಲ, ಯಾಕಂದ್ರೆ ಕ್ವೇಕ್ ಡಿಎಸ್‌ಪಿಗೆ ಬರೆಯಲ್ಲ, ಸೌಂಡ್ ಕಾರ್ಡಿನ ಬಫರನ್ನೇ ತನ್ನ ಮೆಮೊರಿಗೆ ಮ್ಯಾಪ್ ಮಾಡ್ಕೊಳುತ್ತೆ, ಅದನ್ನ ಪ್ಯಾಡ್‌ಎಸ್‌ಪಿ ಕೊಡಕ್ಕಾಗಲ್ಲ. ಎರರ್ ಬದಲಾಗಿ 'ಕುಡ್ ನಾಟ್ ಎಮ್‌ಮ್ಯಾಪ್' ಅಂತ ಬರುತ್ತೆ, ಅದೇ ಗುರುತು.

ನನ್ನ ಕೈಲಿ ಕೆಲಸ ಮಾಡಿದ್ದು ಆಲ್ಸಾದ (ಈಗಿನ ಕರ್ನಲ್‌ನ ಸೌಂಡ್ ವ್ಯವಸ್ಥೆ) ಒಳಗಿರೋ ಓಎಸ್‌ಎಸ್ ನಕಲು. ಎಸ್‌ಎನ್‌ಡಿ-ಪಿಸಿಎಮ್-ಓಎಸ್‌ಎಸ್ ಅನ್ನೋ ಕರ್ನಲ್ ಮಾಡ್ಯೂಲ್ ಮಾಡ್‌ಪ್ರೋಬ್ ಮಾಡಿದ್ರೆ ಡಿಎಸ್‌ಪಿ ಫೈಲ್ ಪ್ರತ್ಯಕ್ಷ ಆಗುತ್ತೆ. ಆಮೇಲೆ ಪ್ರೊಕ್ ಫೋಲ್ಡರ್‌ನ ಅಸೌಂಡ್, ಕಾರ್ಡ್0, ಪಿಸಿಎಮ್0ಪಿ, ಅದ್ರೊಳಗಿನ ಓಎಸ್‌ಎಸ್ ಅನ್ನೋ ಫೈಲ್‌ಗೆ ಒಂದು ಸಾಲು ಬರೀಬೇಕು: 'ಕ್ವೇಕ್3.ಎಕ್ಸ್86 0 0 ಡೈರೆಕ್ಟ್'. ಈ ಹೆಸರಿನ ಪ್ರೋಗ್ರಾಮ್ ಬಂದ್ರೆ ಮಧ್ಯದಲ್ಲಿ ಏನೂ ಬದಲಾಯಿಸದೆ ಬಫರ್‌ನ ನೇರ ಕೊಟ್ಬಿಡು ಅಂತ ಅರ್ಥ. ಸುಡೋ ಎಕೋ ಹಾಕಿ ಬಾಣದ ಗುರುತಿಂದ ಬರೆಯಕ್ಕೆ ಹೋದ್ರೆ ಪರ್ಮಿಷನ್ ಡಿನೈಡ್ ಅನ್ನುತ್ತೆ, ಯಾಕಂದ್ರೆ ಸುಡೋ ಸಿಗೋದು ಎಕೋಗೆ, ಬಾಣದ ಕೆಲಸ ಮಾಡೋದು ನಿಮ್ಮ ಶೆಲ್. ಎಕೋನ ಪೈಪ್ ಮಾಡಿ ಸುಡೋ ಟೀಗೆ ಕೊಡಿ. ರೀಬೂಟ್ ಆದ್ರೆ ಇದು ಅಳಿಸಿಹೋಗುತ್ತೆ, ಪ್ರತಿ ಸಲ ಬರೀಬೇಕು.

ಇನ್ನೂ ಒಂದಿದೆ. ಸೌಂಡ್ ಕಾರ್ಡ್ ಆಗಲೇ ಪೈಪ್‌ವೈರ್ ಅನ್ನೋ ಸೌಂಡ್ ಸರ್ವರ್ ಕೈಯಲ್ಲಿದ್ರೆ ಗೇಮ್‌ಗೆ ಸಿಗಲ್ಲ, ಆಡೋ ಹೊತ್ತಿಗೆ ಪೈಪ್‌ವೈರ್‌ನ ಸಾಕೆಟ್ ಮತ್ತೆ ಸರ್ವಿಸ್ ಎರಡನ್ನೂ ಸಿಸ್ಟಮ್‌ಸಿಟಿಎಲ್ ಯೂಸರ್ ಮೋಡ್‌ನಲ್ಲಿ ನಿಲ್ಲಿಸ್ಬೇಕು, ಬರೀ ಸರ್ವಿಸ್ ನಿಲ್ಲಿಸಿದ್ರೆ ಸಾಕೆಟ್ ಅದನ್ನ ಮತ್ತೆ ಎಬ್ಬಿಸುತ್ತೆ. ಕೆಲವು ಡಿಸ್ಟ್ರೋಗಳ ಕರ್ನಲ್‌ನಲ್ಲಿ ಆ ಓಎಸ್‌ಎಸ್ ಮಾಡ್ಯೂಲ್ ಇರೋದೇ ಇಲ್ಲ, ಅಂಥ ಕಡೆ ಉಳಿಯೋದು ಪ್ರೀಲೋಡ್ ದಾರಿ, ಮ್ಯಾಪ್ ಮಾಡೋದನ್ನೂ ನಟಿಸಿ ಎಸ್‌ಡಿಎಲ್ ಮೂಲಕ ಸೌಂಡ್ ಬಿಡೋ ಪುಟ್ಟ ಲೈಬ್ರರಿ, ಇದೇ ಎಂಜಿನ್‌ನ ಎನಿಮಿ ಟೆರಿಟರಿಗೆ ಇಟಿ-ಎಸ್‌ಡಿಎಲ್-ಸೌಂಡ್ ಅಂತ ಬರೆದಿರೋದು ಆ ಥರದ್ದೇ. ಇಷ್ಟೆಲ್ಲ ಓದಿ ಸುಸ್ತಾಯ್ತಾ? ಐಓಕ್ವೇಕ್3 ಇನ್ನೂ ಅಲ್ಲೇ ಇದೆ.

ಮೌಸ್ ತಿರುಗಿಸಿದ್ರೆ ಕ್ಯಾರೆಕ್ಟರ್ ಗಿರಗಿಟ್ಲೆ ಥರ ಸುತ್ತುತ್ತೆ, ಇಲ್ಲಾ ಅಲ್ಲಾಡೋದೇ ಇಲ್ಲ.

ಇನ್_ಡಿಜಿಎಮೌಸ್ 0. ಡಿಜಿಎ ಅಂತ ಎಕ್ಸ್‌ನಲ್ಲಿ (ಲಿನಕ್ಸ್‌ನ ಹಳೇ ಡಿಸ್‌ಪ್ಲೇ ವ್ಯವಸ್ಥೆ) ಮೌಸ್‌ನ ನೇರ ಓದೋ ಹಳೇ ದಾರಿ ಒಂದಿತ್ತು, ಈಗ ಅದನ್ನ ನೆಚ್ಚಿಕೊಳಂಗಿಲ್ಲ. ಕಮಾಂಡ್ ಲೈನ್‌ನಲ್ಲೇ ಪ್ಲಸ್ ಸೆಟ್ ಹಾಕಿ ಕೊಡಿ, ಮೆನುವರೆಗೆ ಹೋಗಿ ಬದಲಾಯಿಸ್ತೀನಿ ಅಂದ್ರೆ ಮೌಸೇ ಇಲ್ದೆ ಒದ್ದಾಡ್ಬೇಕು. ಡೆಸ್ಕ್‌ಟಾಪ್‌ನ ಮೌಸ್ ಆಕ್ಸಿಲರೇಷನ್ ಆಫ್ ಮಾಡ್ಕೊಳಿ, ಡಿಜಿಎ ಇಲ್ದೇ ಇರುವಾಗ ಅದೂ ಗೇಮ್ ಒಳಗೆ ಬರುತ್ತೆ.

ಎಲ್ಲಾ ಕತ್ತಲೆ ಕತ್ತಲೆ ಕಾಣುತ್ತೆ, ಬ್ರೈಟ್‌ನೆಸ್ ಸ್ಲೈಡರ್ ಎಳೆದ್ರೂ ಏನೂ ಆಗಲ್ಲ.

ಈ ಗೇಮ್ ಬೆಳಕು ಜಾಸ್ತಿ ಮಾಡೋದು ಚಿತ್ರವನ್ನ ಬದಲಾಯಿಸಿ ಅಲ್ಲ, ಇಡೀ ಮಾನಿಟರ್‌ನ ಗಾಮಾ ಏರಿಸಿ. ಅದಕ್ಕೆ ಫುಲ್‌ಸ್ಕ್ರೀನ್ ಇರ್ಬೇಕು, ಎಕ್ಸ್ ಸರ್ವರ್ ಗಾಮಾ ಮುಟ್ಟಕ್ಕೆ ಬಿಡ್ಬೇಕು. ವಿಂಡೋದಲ್ಲಿ ಆಡಿದ್ರೆ, ಇಲ್ಲಾ ಎಕ್ಸ್ ಬದಲು ಬಂದ ವೇಲ್ಯಾಂಡ್ ಡೆಸ್ಕ್‌ಟಾಪ್‌ನಲ್ಲಿ ಎಕ್ಸ್‌ವೇಲ್ಯಾಂಡ್ ಮೂಲಕ ಓಡಿದ್ರೆ ಅದು ನಡೆಯಲ್ಲ. ಆರ್_ಇಗ್ನೋರ್‌ಎಚ್‌ಡಬ್ಲ್ಯುಗಾಮಾ 1 ಮಾಡಿ, ಆರ್_ಗಾಮಾ 1.4 ಥರ ಏನಾದ್ರೂ ಇಟ್ಟು ವಿಡ್_ರೀಸ್ಟಾರ್ಟ್ ಹೊಡೀರಿ. ಈಗ ಗೇಮ್ ಟೆಕ್ಸ್ಚರ್‌ಗಳನ್ನೇ ಬೆಳಗಿಸಿ ಲೋಡ್ ಮಾಡುತ್ತೆ, ಸಿಆರ್‌ಟಿ ಕಾಲದ ಆ ಹೊಳಪು ಬರಲ್ಲ ಆದ್ರೆ ಮೂಲೆಯಲ್ಲಿ ನಿಂತೋನು ಕಾಣ್ತಾನೆ.

ಫುಲ್‌ಸ್ಕ್ರೀನೇ ಸರಿಯಾಗಿ ಬರ್ತಿಲ್ಲ ಅಂದ್ರೆ ಗೇಮ್‌ಸ್ಕೋಪ್ ಒಳಗೆ ಓಡಿಸಿ, ಅದು ಗೇಮ್‌ಗೆ ತನ್ನದೇ ಒಂದು ಪುಟ್ಟ ಸ್ಕ್ರೀನ್ ಕೊಟ್ಟು ಆಮೇಲೆ ಹಿಗ್ಗಿಸಿ ತೋರಿಸುತ್ತೆ.

ಅಗಲದ ಮಾನಿಟರ್‌ಗೆ ರೆಸಲ್ಯೂಷನ್ ಮೆನುವಲ್ಲೇ ಇಲ್ವಲ್ಲ?

ಆರ್_ಮೋಡ್ -1 ಮಾಡಿ, ಆರ್_ಕಸ್ಟಮ್‌ವಿಡ್ತ್ ಮತ್ತೆ ಆರ್_ಕಸ್ಟಮ್‌ಹೈಟ್ ಕೊಡಿ. ಸಿಜಿ_ಎಫ್‌ಒವಿ, ಅಂದ್ರೆ ನೋಟದ ಕೋನ, ಮೊದಲು 90 ಇರುತ್ತೆ, ಅದು 4:3 ಮಾನಿಟರ್ ಲೆಕ್ಕ, 16:9ನಲ್ಲಿ ಹಾಗೇ ಬಿಟ್ರೆ ಮೇಲೆ ಕೆಳಗೆ ಕತ್ತರಿಸಿದ ಹಾಗೆ ಕಾಣುತ್ತೆ. 106 ಮಾಡಿದ್ರೆ ಎತ್ತರದಲ್ಲಿ ಮೊದಲು ಎಷ್ಟು ಕಾಣ್ತಿತ್ತೋ ಅಷ್ಟೇ ಕಾಣುತ್ತೆ, ಪಕ್ಕದಲ್ಲಿ ಜಾಸ್ತಿ ಸಿಗುತ್ತೆ. ಕೆಳಗಿರೋ ಮುಖ, ನಂಬರ್‌ಗಳು ದಪ್ಪಗೆ ಹಿಗ್ಗೋದಕ್ಕೆ ಒರಿಜಿನಲ್‌ನಲ್ಲಿ ಮದ್ದಿಲ್ಲ.

ಎಫ್‌ಪಿಎಸ್ ಎಷ್ಟಿಡ್ಬೇಕು? ನನ್ನ ಕಾರ್ಡ್ ಸಾವಿರ ಕೊಡುತ್ತೆ.

ಕೊಡ್ಲಿ ಬಿಡಿ, ಕಾಮ್_ಮ್ಯಾಕ್ಸ್‌ಎಫ್‌ಪಿಎಸ್ 125 ಇಡಿ. ಈ ಎಂಜಿನ್ ಒಂದೊಂದು ಫ್ರೇಮ್‌ನ ಸಮಯವನ್ನ ಪೂರ್ತಿ ಮಿಲಿಸೆಕೆಂಡ್‌ನಲ್ಲೇ ಲೆಕ್ಕ ಹಾಕೋದು, 125 ಅಂದ್ರೆ ಸರಿಯಾಗಿ 8. ಪ್ರತಿ ಫ್ರೇಮ್‌ನಲ್ಲೂ ನಿಮ್ಮ ವೇಗವನ್ನ ಹತ್ತಿರದ ಪೂರ್ಣಾಂಕಕ್ಕೆ ರೌಂಡ್ ಮಾಡುತ್ತೆ, ಆ ರೌಂಡಿಂಗ್ ಕೆಲವು ಎಫ್‌ಪಿಎಸ್‌ನಲ್ಲಿ ನಿಮ್ಮ ಪರ ಬೀಳುತ್ತೆ, 125ರಲ್ಲಿ ಹಾರಿದೋನು 85ರಲ್ಲಿ ಹಾರಿದೋನಿಗಿಂತ ಒಂಚೂರು ಎತ್ತರಕ್ಕೆ ಹೋಗ್ತಾನೆ. ಮೊದಲಿಂದ ಇರೋ ಸೆಟ್ಟಿಂಗ್ 85. ಮೆಗಾ ಹೆಲ್ತ್ ತಗೋಳಕ್ಕೆ ಹಾರಿ ಪದೇ ಪದೇ ಕೂದಲೆಳೆಯಲ್ಲಿ ತಪ್ಪಿಹೋಗ್ತಿದ್ರೆ ನಿಮ್ಮ ಬೆರಳಿನ ತಪ್ಪು ಅಂತ ಬೈಕೊಳೋ ಮುಂಚೆ ಈ ನಂಬರ್ ನೋಡಿ. ಎಲ್ಲರಿಗೂ ಒಂದೇ ಥರ ಇರ್ಲಿ ಅಂದ್ರೆ ಸರ್ವರ್‌ನಲ್ಲಿ ಪಿಮೂವ್_ಫಿಕ್ಸ್ಡ್ 1.

ಗೇಮ್ ಹ್ಯಾಂಗ್ ಆಗಿ ಡೆಸ್ಕ್‌ಟಾಪ್ 640ಕ್ಕೆ 480ರಲ್ಲೇ ನಿಂತುಹೋಗಿದೆ.

ಗಾಬರಿ ಬೇಡ. ಕಂಟ್ರೋಲ್ ಆಲ್ಟ್ ಎಫ್3 ಒತ್ತಿ ಬೇರೆ ಕನ್ಸೋಲ್‌ಗೆ ಹೋಗಿ ಲಾಗಿನ್ ಆಗಿ ಕಿಲ್‌ಆಲ್ ಹಾಕಿ ಕ್ವೇಕ್3.ಎಕ್ಸ್86ನ ಮುಗಿಸಿ, ವಾಪಸ್ ಬಂದು ಎಕ್ಸ್‌ರ್‍ಯಾಂಡ್ಆರ್‌ನಲ್ಲಿ ಮಾನಿಟರ್‌ಗೆ ಆಟೋ ಕೊಡಿ. ಬಣ್ಣ ಬಿಳಿಚಿಕೊಂಡಿದ್ರೆ ಎಕ್ಸ್‌ಗಾಮಾ 1. ಎಲ್ಲಾ ಸರಿಹೋಗೋ ತನಕ ಆರ್_ಫುಲ್‌ಸ್ಕ್ರೀನ್ 0 ಇಟ್ಕೊಂಡೇ ಪರೀಕ್ಷೆ ಮಾಡೋದು ಜಾಣತನ, ನಾನು ಯಾವತ್ತೂ ಮಾಡಲ್ಲ ಅದು ಬೇರೆ ವಿಷಯ.

1.32 ಜೊತೆಗೆ ಇನ್ನೂ ಹಳೇ ವರ್ಷನ್ ಕೂಡ ಇಟ್ಕೊಬೋದಾ, ಹಳೇ ಡೆಮೋ ನೋಡಕ್ಕೆ?

ಇಟ್ಕೊಬೋದು, ಆದ್ರೆ ಫೋಲ್ಡರ್ ಬೇರೆ ಬೇರೆ ಇರ್ಬೇಕು, ಪ್ಯಾಕ್ ಫೈಲ್‌ಗಳು ಬೆರೀಬಾರ್ದು. ಎಂಜಿನ್ ಫೋಲ್ಡರ್‌ನಲ್ಲಿರೋ ಪ್ಯಾಕ್‌ಗಳಲ್ಲಿ ದೊಡ್ಡ ನಂಬರಿಂದು ಹೇಳಿದ್ದನ್ನೇ ನಂಬುತ್ತೆ, ಹಳೇ ಬೈನರಿ ಪಕ್ಕ ಹೊಸ ಪ್ಯಾಕ್8 ಇದ್ರೆ ಅದ್ರೊಳಗಿನ ಹೊಸ ಗೇಮ್ ಕೋಡ್‌ನ ಲೋಡ್ ಮಾಡಕ್ಕೆ ಹೋಗಿ ಮುಗ್ಗರಿಸುತ್ತೆ. ಪ್ಯಾಕ್0 ದೊಡ್ಡದು, ಅದನ್ನ ಎರಡು ಸಲ ಕಾಪಿ ಮಾಡದೆ ಸಿಮ್‌ಲಿಂಕ್ ಹಾಕಿ, ಬಾಕಿ ಆಯಾ ವರ್ಷನ್‌ಗೆ ಸೇರಿದ್ದು ಮಾತ್ರ.

ಸೆಟ್ಟಿಂಗ್ ಎಲ್ಲಾ ಹೋಮ್‌ನ ಡಾಟ್ ಕ್ಯೂ3ಎ ಅನ್ನೋ ಅಡಗಿರೋ ಫೋಲ್ಡರ್‌ಗೆ ಹೋಗುತ್ತೆ, ಎರಡು ವರ್ಷನ್‌ನೂ ಅಲ್ಲೇ ಬರೆದು ಒಂದರ ಕಾನ್ಫಿಗ್‌ನ ಇನ್ನೊಂದು ಕೆಡಿಸುತ್ತೆ. ಸುಲಭದ ಉಪಾಯ, ಸ್ಟಾರ್ಟ್ ಮಾಡುವಾಗ ಹೋಮ್ ವೇರಿಯಬಲ್‌ನೇ ಬದಲಾಯಿಸಿ ಬೇರೆ ಫೋಲ್ಡರ್ ತೋರಿಸಿ, ಗೇಮ್ ಅದನ್ನೇ ಮನೆ ಅಂದ್ಕೊಳುತ್ತೆ.

ಇದ್ರಲ್ಲಿ ಆನ್‌ಲೈನ್ ಆಡ್ಬೋದಾ? ಸರ್ವರ್ ಹಾಕ್ಬೋದಾ?

ಗುರುತಿರೋರ ಜೊತೆ ಮನೆ ನೆಟ್‌ವರ್ಕ್‌ನಲ್ಲಿ ಧಾರಾಳವಾಗಿ ಆಡಿ. ಹೊರಗಿನ ಇಂಟರ್ನೆಟ್‌ಗೆ ಒರಿಜಿನಲ್ ಬೈನರಿ ಬೇಡ ಅಂತೀನಿ. 2006ರಲ್ಲಿ ಭದ್ರತೆ ತೂತು ಮುಚ್ಚಕ್ಕೆ 1.32ಸಿ ಬಂತು, ಅದೇ ಕೊನೆ, ಆಮೇಲೆ ಕಂಡ ತೂತುಗಳನ್ನೆಲ್ಲ ಮುಚ್ಚಿರೋದು ಐಓಕ್ವೇಕ್3ಯಂಥ ಕಡೆ ಮಾತ್ರ. ಆಡ್ಲೇಬೇಕಂದ್ರೆ ಸಿಎಲ್_ಅಲೌಡೌನ್‌ಲೋಡ್ 0 ಇರಲಿ, ಗೊತ್ತಿಲ್ದೇ ಇರೋ ಸರ್ವರ್ ಕೊಡೋ ಫೈಲ್ ಇಳಿಸ್ಕೊಬೇಡಿ.

ಹಳೇ ಸರ್ವರ್‌ನ 27960 ಪೋರ್ಟ್ ತೆರೆದಿಟ್ರೆ ಇನ್ನೊಂದು ಕಾಟ. ಅದು ಯಾರು ಸ್ಟೇಟಸ್ ಕೇಳಿದ್ರೂ ಪುಟ್ಟ ಪ್ರಶ್ನೆಗೆ ದೊಡ್ಡ ಉತ್ತರ ಕೊಡುತ್ತೆ, ಯುಡಿಪಿ ಆದ್ರಿಂದ ಕೇಳಿದೋನ ವಿಳಾಸ ನಿಜವಾ ಸುಳ್ಳಾ ನೋಡಲ್ಲ. ಯಾರೋ ಕಿಡಿಗೇಡಿ ಬೇರೆಯವರ ವಿಳಾಸ ಹಾಕಿ ಕೇಳಿದ್ರೆ ನಿಮ್ಮ ಸರ್ವರ್ ಆ ಪಾಪದವರ ಮೇಲೆ ಡೇಟಾ ಸುರೀತಾ ಕೂರುತ್ತೆ, ನಿಮಗೆ ಗೊತ್ತೂ ಆಗಲ್ಲ.

ವರ್ಚುವಲ್ ಮೆಷಿನ್‌ನಲ್ಲಿ ಹಳೇ ಲಿನಕ್ಸೇ ಹಾಕಿದ್ರೆ?

ಲೈಬ್ರರಿ, ಸೌಂಡ್ ಕಾಟ ಹೋಗುತ್ತೆ, 3ಡಿ ಕಾಟ ಬರುತ್ತೆ. ಹಳೇ ಡಿಸ್ಟ್ರೋಗೆ ಇವತ್ತಿನ ವರ್ಚುವಲ್ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಇರಲ್ಲ, ಸಾಫ್ಟ್‌ವೇರ್ ರೆಂಡರಿಂಗ್‌ನಲ್ಲಿ ಸ್ಲೈಡ್ ಶೋ ನೋಡ್ತೀರ. ಕ್ರೂಟ್ ಇಲ್ಲಾ ಕಂಟೇನರ್ ಇದಕ್ಕಿಂತ ವಾಸಿ, ಕರ್ನಲ್ ಮತ್ತೆ ಕಾರ್ಡ್ ನಿಮ್ಮದೇ, ಲೈಬ್ರರಿ ಮಾತ್ರ ಹಳೇದು. ಗ್ರಾಫಿಕ್ಸ್ ಡ್ರೈವರ್ ಮಾತ್ರ ಕಂಟೇನರ್ ಒಳಗೂ ನಿಮ್ಮ ಕಾರ್ಡ್ ಗುರುತು ಹಿಡಿಯೋವಷ್ಟು ಹೊಸದಿರ್ಬೇಕು.

ನಂದು ಎಆರ್‌ಎಮ್ ಬೋರ್ಡು, ಇದ್ರಲ್ಲಿ ಓಡುತ್ತಾ?

ಈ ಬೈನರಿ ನೇರ ಓಡಲ್ಲ, ಬಾಕ್ಸ್86 ಥರದ ಎಮ್ಯುಲೇಟರ್ ಮೂಲಕ ಓಡಿಸ್ಬೇಕು, ಮೇಲೆ ಹೇಳಿದ ಎಕ್ಸ್‌ಟೆನ್ಶನ್ ಸಾಲು, ಸೌಂಡು, ಮೌಸ್ ಎಲ್ಲಾ ಅಲ್ಲೂ ಬೆನ್ನು ಬಿಡಲ್ಲ. ಅದೇ ಬೋರ್ಡ್ ಮೇಲೆ ಐಓಕ್ವೇಕ್3ನ ಸೋರ್ಸ್‌ನಿಂದ ಕಂಪೈಲ್ ಮಾಡಿದ್ರೆ ಒಂದು ಟೀ ಕುಡಿದು ಬರೋ ಅಷ್ಟರಲ್ಲಿ ಆಗಿರುತ್ತೆ.